ನನ್ನ ಎವಜಿಗೆ ಬಂದವಳು

ನನ್ನ ಬೆನ್ನುಮೂಳೆಯ ಬಗ್ಗೆ ದವಾಖಾನೆಯವರು ಬರೆದ ಕಾಗದಗಳೆಲ್ಲ ಒಂದು ಟ್ರಂಕಿನಲ್ಲಿವೆ. ಎಲ್ಲಿ ಮುರಿಯಿತು, ಎಲ್ಲಿಂದ ಕೆಳಗೆ ಸ್ಪರ್ಶವಿಲ್ಲ, ಎಷ್ಟು ದಿನ ಜ್ವರ ಇತ್ತು, ಎಲ್ಲ ಅದರಲ್ಲಿದೆ. ಇಲ್ಲದ್ದು ಒಂದೇ. ಬಿದ್ದ ಮೇಲಿನ ಎರಡು ವರ್ಷ ನನ್ನನ್ನು ನೋವಿಗಿಂತ ಹೆಚ್ಚು ಕಾಡಿದ್ದು ಹೊಟ್ಟೆಕಿಚ್ಚು. ಅದರ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಳೆದ ತಿಂಗಳು ಸಂತೆಕಲ್ಲೂರಿನಿಂದ ಒಬ್ಬ ಹುಡುಗಿಯನ್ನು ನನ್ನಲ್ಲಿಗೆ ಕರೆತಂದಿದ್ದರು. ಬಾವಿಯ ಮೆಟ್ಟಿಲ ಮೇಲಿಂದ ಬಿದ್ದು ಅವಳ ಕಾಲುಗಳು ಹೋಗಿವೆ. ನನ್ನ ಕಾಲಿನ ಕಬ್ಬಿಣದ ಪಟ್ಟಿಗಳ ಬಗ್ಗೆ ಅವಳು ಕೇಳಿದಳು, ತೋರಿಸಿದೆ. ಹೊರಡುವಾಗ ಅವಳ ಅತ್ತಿಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಆ ಪಾದಗಳನ್ನು ಹುಡುಗಿ ನೋಡಿದ ರೀತಿ ನನಗೆ ಗುರುತಿತ್ತು. ಇದನ್ನು ಅವಳಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ಮಸ್ಕಿ. ಅಪ್ಪನಿಗೆ ಅಲ್ಲಿ ಬಟ್ಟೆ ಅಂಗಡಿ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುವ ಕೆಲಸಕ್ಕೆ ಸೇರಿದಾಗ ನಿಜಾಮರ ಆಡಳಿತ ಹೋಗಿ ಮೂರು ವರ್ಷವಾಗಿತ್ತು. ಶಾಲೆಗೆ ಕನ್ನಡ ಬಂದಿತ್ತು, ಕಚೇರಿಯ ಹುಕುಮುಗಳು ಮಾತ್ರ ಇನ್ನೂ ಉರ್ದುವಿನಲ್ಲೇ ಬರುತ್ತಿದ್ದವು. ಸೋದರಮಾವನ ಮನೆಯಲ್ಲಿ ಒಂದು ಕೋಣೆ, ನನ್ನದೇ ಒಂದು ಕುರ್ಚಿ, ನಕಾಶೆಗಳ ಕಪಾಟಿನ ಕೀಲಿ. ಒಂದು ವರ್ಷ ನಾನು ಹಾಗಿದ್ದೆ.

ನಮ್ಮ ಕಡೆಯ ಮಣ್ಣಿನ ಮಾಳಿಗೆಗಳಲ್ಲಿ ಬೆಳಕಿಗೆಂದು ಒಂದು ಕಿಂಡಿ ಬಿಟ್ಟಿರುತ್ತಾರೆ. ಮಳೆ ಬಂತೆಂದರೆ ಓಡಿ ಹತ್ತಿ ಅದರ ಮೇಲೆ ಗಡಿಗೆ ಬೋರಲು ಹಾಕಬೇಕು. ನಮ್ಮ ಮನೆಯಲ್ಲಿ ಆ ಕೆಲಸ ತಂಗಿ ಗಿರಿಜಾಳದು. ಬೇಸಿಗೆ ರಜೆಯ ಕೊನೆಯಲ್ಲಿ ಮೊದಲ ಮಳೆ ಬಂದ ದಿನ ಅವಳು ತಲೆಗೆ ಎರೆದುಕೊಳ್ಳುತ್ತಿದ್ದಳು. ನಾನು ಹತ್ತಿದೆ. ತೊಯ್ದ ಅಂಚು ಕುಸಿಯಿತು. ಕೆಳಗೆ ಒರಳುಕಲ್ಲು ಇತ್ತು.

ಬಂಡಿ, ಮೋಟಾರು, ರೈಲು, ಕೊನೆಗೆ ದೂರದ ಊರಿನ ಒಂದು ಮಿಷನ್ ದವಾಖಾನೆ. ಅಲ್ಲಿ ಏಳು ತಿಂಗಳು ಇದ್ದೆ. ಎರಡು ತಾಸಿಗೊಮ್ಮೆ ನನ್ನ ಮಗ್ಗುಲು ಬದಲಿಸಬೇಕಿತ್ತು. ಅವ್ವ ಅದನ್ನು ನರ್ಸುಗಳಿಗಿಂತ ಚೆನ್ನಾಗಿ ಕಲಿತಳು, ರೊಟ್ಟಿ ಹೊರಳಿಸುವಷ್ಟು ಸರಾಗವಾಗಿ. ವಾರಕ್ಕೊಮ್ಮೆ ಡಾಕ್ಟರು ಗುಂಡುಸೂಜಿಯಿಂದ ಕಾಲಿಗೆ ಚುಚ್ಚಿ, ತಿಳಿಯಿತೇ ಎಂದು ಕೇಳುತ್ತಿದ್ದರು. ಅವರ ಮೊಣಕೈ ಅಲುಗಿದ್ದನ್ನು ನೋಡಿ ನಾನು ಎರಡು ಸಲ ‘ಹೂಂ’ ಎಂದೆ. ಮೂರನೆಯ ಸಲ ನರ್ಸು ಬಂದು ನನ್ನ ಕಣ್ಣಿನ ಮೇಲೆ ಮೆತ್ತಗೆ ಒಂದು ವಸ್ತ್ರ ಹಾಕಿದಳು. ಆಮೇಲೆ ಸುಳ್ಳು ಹೇಳಲಿಲ್ಲ. ಇನ್ನೊಬ್ಬರಿಂದ ಮಾಡಿಸಿಕೊಳ್ಳಬಾರದ ಕೆಲಸಗಳನ್ನು ಮಾಡಿಸಿಕೊಳ್ಳಬೇಕಾಯಿತು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ: ಮೂರು ತಿಂಗಳಲ್ಲಿ ನಾನೇ ಮಾಡಿಕೊಳ್ಳುವುದನ್ನು ಕಲಿತೆ. ಕಲಿಸಿದ ಆಯಾ ಆ ಹೊತ್ತಿನಲ್ಲಿ ಒಂದು ದಿನವೂ ನನ್ನ ಮುಖ ನೋಡಲಿಲ್ಲ. ಅಂಥ ದಯೆಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಪಕ್ಕದ ಮಂಚದಲ್ಲಿ ಜವಳಗೇರಿಯ ಮಲ್ಲಮ್ಮ ಇದ್ದಳು. ಜೋಳದ ಕಣಿಕಿ ಹೇರಿದ ಬಂಡಿಯ ಮೇಲಿಂದ ಬಿದ್ದು ಬೆನ್ನು ಮುರಿದುಕೊಂಡವಳು. ನಾಲ್ಕನೆಯ ತಿಂಗಳಲ್ಲಿ ಅವಳ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ವಾರ್ಡಿನವರೆಲ್ಲ ಬಂದು ನೋಡಿದರು. ನಾನು ಗೋಡೆಯ ಕಡೆ ಮುಖ ಮಾಡಿ, ನಿದ್ದೆ ಬಂದವರಂತೆ ಮಲಗಿದೆ. ಮರುದಿನ ನೋಡಿದರೆ ಅವಳು ಆ ಪಾದದ ಮೇಲೆ ಟವೆಲು ಹೊದಿಸಿದ್ದಳು.

“ಯಾಕ ಮಲ್ಲಮ್ಮ, ಥಂಡಿ ಆಗತೈತೇನು?” ಎಂದು ಅವ್ವ ಕೇಳಿದಳು.

“ಇಲ್ರೀ ಯವ್ವಾ. ನಿಮ್ಮ ಮಗಳ ಕಣ್ಣು ಬಾಳ ಚೂಪ ಅದಾವ. ಕಾಲಬೆಟ್ಟಿಗಿ ದೃಷ್ಟಿ ತಾಕೀತಂತ ಮುಚ್ಚೀನ್ರಿ,” ಎಂದು ಮಲ್ಲಮ್ಮ ನಕ್ಕಳು. ಆಮೇಲೆ ನನ್ನ ಕಡೆ ಹೊರಳಿ, “ಅಕ್ಕೋರ, ನಾ ನಿಮ್ಮ ಜಾಗಾದಾಗ ಇದ್ದಿದ್ರ ಈ ಬೆಟ್ಟ ಕಡದ ತಗೋತಿದ್ದೆ. ನೀವು ಬರೇ ನೋಡಾಕತ್ತೀರಿ. ಎಷ್ಟೋ ಛಲೋ,” ಎಂದಳು.

ನನಗೆ ನಗು ಬಂತು. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ಒಂದೇ ಕೋಲು ಹಿಡಿದು ಅವಳು ವಾರ್ಡಿನಿಂದ ಹೊರಗೆ ನಡೆದ ದಿನ ನಾನು ಊಟ ಮಾಡಲಿಲ್ಲ.

ನನ್ನ ಕೆಲಸ ಅಷ್ಟರಲ್ಲಿ ಗಿರಿಜಾಳ ಕೈಗೆ ಹೋಗಿತ್ತು. ರಜೆಯಲ್ಲಿರುವವರ ಬದಲಿಗೆ ಕೆಲಸ ಮಾಡುವವರನ್ನು ಕಚೇರಿಯಲ್ಲಿ ಎವಜಿ ಎನ್ನುತ್ತಿದ್ದರು. ಅವಳು ಮೆಟ್ರಿಕ್ ಪಾಸಾಗಿ ಮನೆಯಲ್ಲಿದ್ದಳು. ಬೇರೆ ಯಾರೋ ಬಂದು ಕೂತರೆ ಜಾಗ ಹೋದೀತೆಂದು ಅಪ್ಪನೇ ಅರ್ಜಿ ಕೊಟ್ಟು ಅವಳನ್ನು ನನ್ನ ಎವಜಿಗೆ ಹಾಕಿಸಿದ್ದ. “ಮನೀ ಕೆಲಸ ಮನ್ಯಾಗ ಇರ್ತೈತಿ,” ಎಂದಿದ್ದ. ನನ್ನ ಕೋಣೆ, ನನ್ನ ಕುರ್ಚಿ, ನನ್ನ ಕೀಲಿ. ನಾನು ಎದ್ದು ನಿಂತರೆ ಎಲ್ಲ ನನಗೆ ಮರಳುತ್ತದೆ ಎಂಬುದು ಮಾತು. ದವಾಖಾನೆಯಿಂದ ಮಸ್ಕಿಗೆ ಬಂದ ಮೇಲೆ ನಾನು ಬದುಕಿದ್ದು ಆ ಮಾತಿನ ಮೇಲೆ.

ಗಿರಿಜಾ ಪ್ರತಿ ಶನಿವಾರ ಮೋಟಾರಿನಲ್ಲಿ ಮನೆಗೆ ಬರುತ್ತಿದ್ದಳು. ನಾನು ಪಡಸಾಲೆಯ ಮಂಚದ ಮೇಲಿಂದ ಅವಳ ಕಾಲುಗಳನ್ನು ನೋಡುತ್ತಿದ್ದೆ. ಹಿಮ್ಮಡಿಗೆ ಲಿಂಗಸುಗೂರಿನ ಧೂಳು, ಸೆರಗಿಗೆ ಸುಣ್ಣದ ಕಡ್ಡಿಯ ಪುಡಿ. ಹೊಸ್ತಿಲು ದಾಟುವಾಗ ಅವಳು ಕೆಳಗೆ ನೋಡುತ್ತಲೇ ಇರಲಿಲ್ಲ. ಹೊಸ್ತಿಲು ಇದೆಯೆಂಬುದು ಅವಳಿಗೆ ತಿಳಿದೇ ಇರಲಿಲ್ಲ.

“ಕಾಲು ಬಿದ್ದ ಹೋದವು ಅಕ್ಕಾ. ಮೋಟಾರ ತುಂಬಿತ್ತು. ಇಷ್ಟೂ ದಾರಿ ನಿಂತ ಬಂದೆ,” ಎಂದು ಒಂದು ಶನಿವಾರ ಹೇಳಿದಳು. ಹೇಳಿ ನಾಲಿಗೆ ಕಚ್ಚಿಕೊಂಡಳು.

“ನಿಂತ ಬಂದ್ಯಾ,” ಎಂದೆ. “ಕುಂಡ್ರು. ನನಗ ಕುಂತು ಕುಂತು ರೂಢಿ ಐತಿ, ಕಲಸತೀನಿ.”

ಅವ್ವ ನನ್ನನ್ನು ನೋಡಿದಳು. ಗಿರಿಜಾ ಒಳಗೆ ಹೋಗಿ ನೀರು ಕುಡಿದಳು.

ದವಾಖಾನೆಯವರು ಕಾಲಿಗೆ ಕಟ್ಟುವ ಪಟ್ಟಿಗಳ ಚಿತ್ರ ಬರೆದು ಕೊಟ್ಟಿದ್ದರು: ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಸಲಾಕೆ, ಚರ್ಮದ ಪಟ್ಟಿ, ಮೊಣಕಾಲಿನಲ್ಲಿ ಒಂದು ಕೊಂಡಿ. ಕೊಂಡಿ ಬಿದ್ದರೆ ಕಾಲು ನೆಟ್ಟಗೆ ನಿಲ್ಲುತ್ತದೆ, ತೆಗೆದರೆ ಮಡಚುತ್ತದೆ. ಸಿಂಧನೂರಿನಲ್ಲಿ ಮೋಟಾರು ಗಾಡಿಗಳ ಸ್ಪ್ರಿಂಗು ರಿಪೇರಿ ಮಾಡುವ ಒಬ್ಬ ಕಂಬಾರನಿದ್ದ. ಅಪ್ಪ ನನ್ನನ್ನೂ ಅವ್ವನನ್ನೂ ಬಂಡಿಯಲ್ಲಿ ಅವನಲ್ಲಿಗೆ ಕರೆದೊಯ್ದ. ಕಂಬಾರ ಚಿತ್ರವನ್ನು ಬಹಳ ಹೊತ್ತು ನೋಡಿದ, ನನ್ನನ್ನು ನೋಡಲಿಲ್ಲ. ಪರ ಹೆಣ್ಣಿನ ಕಾಲು ಮುಟ್ಟಿ ಅಳತೆ ತೆಗೆಯುವುದು ಅವನಿಂದ ಆಗದು. ಒಂದು ದಾರದ ಉಂಡೆ ಅವ್ವನ ಕೈಗೆ ಕೊಟ್ಟು, “ತೊಡಿಗೊಂದು, ಮಣಕಾಲಿಗೊಂದು, ಹಿಮ್ಮಡಿಗೊಂದು ಗಂಟು ಹಾಕಿ ಕೊಡ್ರಿ ತಾಯಿ. ಸುತ್ತಳತಿನೂ ಹಂಗ,” ಎಂದು ಬೆನ್ನು ತಿರುಗಿಸಿ ಕೂತ.

ಬಜಾರಿನ ಬಯಲಲ್ಲಿ, ಬಂಡಿಯ ಮೇಲೆ, ಅವ್ವ ಅಳತೆ ತೆಗೆದಳು. ಹದಿನೈದು ದಿನದ ಮೇಲೆ ಪಟ್ಟಿಗಳು ಬಂದವು. ಕಟ್ಟಿದರೆ ಕಾಲು ಅದರೊಳಗೆ ಗೂಟದಂತೆ ಅಲ್ಲಾಡುತ್ತಿತ್ತು. ಮತ್ತೆ ಸಿಂಧನೂರು. ಕಂಬಾರ ದಾರವನ್ನೂ ಪಟ್ಟಿಯನ್ನೂ ಹಿಡಿದು ಹೊಂದಿಸಿ ನೋಡಿದ.

“ದಾರ ಸರಿ ಐತ್ರಿ, ಕಬ್ಬಿಣಾನೂ ಸರಿ ಐತಿ,” ಎಂದ. “ತಾಯಿ, ನೀವು ಕಾಲಿನ ಅಳತಿ ತಗೊಂಡ್ರೋ, ಸೀರಿದೋ?”

ಅವ್ವ ಸೀರೆಯ ಮೇಲೆಯೇ ದಾರ ಸುತ್ತಿದ್ದಳು, ನಿರಿಗೆಗಳ ಸಮೇತ. “ಮತ್ತ ಬಜಾರದಾಗ ಹೆಣ್ಣುಡುಗಿ ಸೀರಿ ಎತ್ತಲೇನು?” ಎಂದು ಅವನನ್ನೇ ಗದರಿದಳು. ಅಪ್ಪ ಬೇರೆ ಕಡೆ ನೋಡುತ್ತ ನಕ್ಕ. ನಾನೂ ನಕ್ಕೆ. ಬಿದ್ದ ಮೇಲೆ ಮೂವರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಸರಿಯಾದ ಪಟ್ಟಿಗಳು ಬಂದವು. ಪಡಸಾಲೆಯಲ್ಲಿ ಅಪ್ಪ ಎರಡು ಬಿದಿರು ಕಟ್ಟಿಸಿದ. ಅವುಗಳ ನಡುವೆ ಮೊದಲ ಸಲ ನಿಂತಾಗ ನನಗೆ ಕಂಡದ್ದು ಅವ್ವನ ಬೈತಲೆ. ನಾನು ಅವ್ವನಿಗಿಂತ ಎತ್ತರ ಎಂಬುದು ಮರೆತುಹೋಗಿತ್ತು. ಎರಡು ಉಸಿರು ನಿಂತೆ, ಮೂರನೆಯದಕ್ಕೆ ಕುಸಿದೆ. ಆಮೇಲೆ ದಿನವೂ ನಿಂತೆ. ಕಂಕುಳಿಗೆ ಕೋಲು ಕೊಟ್ಟು, ಎರಡೂ ಕಾಲನ್ನು ಒಟ್ಟಿಗೆ ಎಳೆದು, ಹಿತ್ತಿಲ ಬಾಗಿಲವರೆಗೆ ಹೋಗುವುದಕ್ಕೆ ಐದು ತಿಂಗಳು ಹಿಡಿಯಿತು. ಕಂಕುಳು ಹಣ್ಣಾಗುತ್ತಿತ್ತು. ಎಲ್ಲರೂ ನನ್ನ ಧೈರ್ಯವನ್ನು ಹೊಗಳಿದರು. ಅದು ಧೈರ್ಯವಾಗಿರಲಿಲ್ಲ. ಶುಕ್ರವಾರಗಳಂದು ನಾನು ಎರಡರಷ್ಟು ಹೊತ್ತು ನಿಲ್ಲುತ್ತಿದ್ದೆ, ಮರುದಿನ ಗಿರಿಜಾ ಬರುತ್ತಿದ್ದಳು.

ನನ್ನ ರಜೆ ಮುಗಿಯುತ್ತ ಬಂದಿತ್ತು. ಇನ್ನಾರು ತಿಂಗಳು ಕೊಡಿ, ಆಮೇಲೆ ಕೆಲಸಕ್ಕೆ ಬರುತ್ತೇನೆ ಎಂದು ಅರ್ಜಿ ಹಾಕಿದ್ದೆ. ಅಪ್ಪ ಅದರ ವಿಚಾರಣೆಗೆ ಲಿಂಗಸುಗೂರಿನ ಕಚೇರಿಗೆ ಹೋಗಿ, ಸಂಜೆಯ ಮೋಟಾರಿಗೆ ಪೇಢೆಯ ಪೊಟ್ಟಣ ಹಿಡಿದು ಬಂದ.

“ಮಂಜೂರ ಆತು ನೀಲಾ,” ಎಂದ. “ಚಪರಾಸಿ ಬಾಯಿಲೇ ಕೇಳೀನಿ. ಒಳಗ ಹೋಗಿ ಫೈಲ ನೋಡಿ ಬಂದು, ನಿಮ್ಮ ಮಗಳದು ಮಂಜೂರ ಅಂತ ಬರದಾರ ಅಂದ.”

ಶನಿವಾರ ಗಿರಿಜಾ ಬಂದಳು. ಅವ್ವ ಅವಳ ಕೈಗೆ ಪೇಢೆ ಕೊಟ್ಟು ಸುದ್ದಿ ಹೇಳಿದಳು. ನಾನು ಅವಳ ಮುಖ ನೋಡುತ್ತಿದ್ದೆ. ಪೇಢೆ ಅಂಗೈಯಲ್ಲೇ ಉಳಿಯಿತು. ಅದನ್ನು ಕಂಡು ನನಗೆ ಪೇಢೆಗಿಂತ ಸಿಹಿಯಾಯಿತು. ಇದನ್ನು ಬರೆಯುವುದು ಸುಲಭವಲ್ಲ. ಗಿರಿಜಾ ಈಗ ಸಿಂಧನೂರಿನ ಶಾಲೆಯಲ್ಲಿ ಕಲಿಸುತ್ತಾಳೆ. ಅವಳಿಗೆ ಓದಲು ಕೊಟ್ಟು, ಇರಲಿ ಎಂದ ಮೇಲೆಯೇ ಇದನ್ನು ಇಲ್ಲಿ ಇಟ್ಟಿದ್ದೇನೆ.

“ಸೋಮವಾರ ಕಪಾಟಿನ ಕೀಲಿ ದೊಡ್ಡ ಅಕ್ಕೋರಿಗೆ ಕೊಟ್ಟುಬಿಡು,” ಎಂದೆ. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಅಕ್ಕೋರು, ಗಿರಿಜಾಳನ್ನು ಸಣ್ಣ ಅಕ್ಕೋರು ಎನ್ನುತ್ತಿದ್ದರು.

“ಇಷ್ಟ ಲಗೂ ಯಾಕಕ್ಕಾ? ನಿನಗ ಇನ್ನಾ ಆರ ತಿಂಗಳು ಐತಲ್ಲ.”

“ನಾ ಮುಂದಿನ ತಿಂಗಳನ ಬರ್ತೀನಿ. ನೀ ಎವಜಿ. ಎವಜಿ ಅಂದ್ರ ಏನಂತ ಗೊತ್ತೈತಲ್ಲ.”

“ಗೊತ್ತೈತಿ,” ಎಂದಳು.

ಸೋಮವಾರ ಅವಳು ಕೀಲಿ ಕೊಟ್ಟಳು. ಮಂಗಳವಾರ ಟ್ರಂಕಿನೊಡನೆ ಮನೆಗೆ ಬಂದಳು. ಗುರುವಾರ ಟಪ್ಪಾಲಿನಲ್ಲಿ ಹುಕುಮು ಬಂತು. ಅಪ್ಪನಿಗೆ ಉರ್ದು ಮಾತು ಬರುತ್ತದೆ, ಓದು ಬರುವುದಿಲ್ಲ. ಲಕೋಟೆ ನನ್ನ ಕೈಗೆ ಕೊಟ್ಟು ಎದುರು ಕೂತ. ನಾನು ಒಂದು ಸಲ ಓದಿದೆ. ಇನ್ನೊಂದು ಸಲ ಓದಿ ಮಡಿಚಿದೆ.

“ಏನ ಬರದಾರ?”

“ಮಾಜೂರ ಅಂತ ಬರದಾರ.”

“ಅದನ್ನ ಅಲ್ಲೇನು ನಾ ಹೇಳಿದ್ದು.”

“ನೀ ಹೇಳಿದ್ದು ಮಂಜೂರ, ಅಪ್ಪಾ. ಇದು ಮಾಜೂರ.”

ಮಂಜೂರ ಎಂದರೆ ಒಪ್ಪಿಗೆಯಾಯಿತು. ಮಾಜೂರ ಎಂದರೆ ಅಂಗವಿಕಲ, ಕೆಲಸಕ್ಕೆ ಒದಗದವರು. ಉರ್ದು ಬರಹದಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರ, ನೋಡಿದರೆ ಯಾರೂ ತಪ್ಪುವುದಿಲ್ಲ. ಕಚೇರಿಯ ಕಟ್ಟೆಯ ಮೇಲೆ ಬೆಳಗಿನಿಂದ ಕಾದು ಕೂತ ತಂದೆಯ ಕಿವಿಗೆ ಎರಡೂ ಒಂದೇ. ಅಪ್ಪ ತನ್ನ ಕಿವಿಯನ್ನು ಕೈಯಿಂದ ಮುಟ್ಟಿಕೊಂಡ.

ಹುಕುಮಿನಲ್ಲಿ ಇನ್ನೆರಡು ಸಾಲು ಇದ್ದವು. ಎವಜಿ ಗಿರಿಜಾಬಾಯಿಯನ್ನು ಕಾಯಂ ಮಾಡಲಾಗುವುದು. ತಕರಾರು ಇದ್ದರೆ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಯ ತಪಾಸಣೆಗೆ ಬಂದಾಗ ಖುದ್ದಾಗಿ ಹಾಜರಾಗಿ ಹೇಳಿಕೊಳ್ಳಬೇಕು. ಅದನ್ನೂ ಓದಿ ಹೇಳಿದೆ. ಆಮೇಲೆ ಗಿರಿಜಾಳ ಕಡೆ ತಿರುಗಿದೆ.

“ನಾ ಹೆಂಗದೀನಿ ಅಂತ ಅವರಿಗೆ ಯಾರ ಹೇಳಿದ್ರು?”

“ದೊಡ್ಡ ಅಕ್ಕೋರು ಕೇಳಿದ್ರು. ಇದ್ದದ್ದು ಹೇಳಿದೆ.”

“ಇದ್ದದ್ದು ಅಂದ್ರ?”

“ನಿಲ್ಲತಾಳ, ಕೋಲ ಬಿಟ್ರ ಬೀಳತಾಳ ಅಂದೆ.”

“ಕೆಲಸ ನಿನಗ ಬೇಕಾಗಿತ್ತು.”

ಅವ್ವ “ಏ, ಸುಮ್ಕಿರ್ರೆ” ಎಂದಳು. ಗಿರಿಜಾ ಸುಮ್ಮನಿರಲಿಲ್ಲ. “ಬೇಕಾಗಿತ್ತು ಅಕ್ಕಾ. ಈಗೂ ಬೇಕು. ಸುಳ್ಳ ಯಾಕ ಹೇಳ್ಲಿ? ಆದ್ರ ಅದಕ್ಕಂತ ಹೇಳ್ಲಿಲ್ಲ. ಕೇಳಿದ್ರು, ಹೇಳಿದೆ. ನೀ ನನ್ನ ಜಾಗಾದಾಗ ಇದ್ದಿದ್ರ ಏನ ಹೇಳ್ತಿದ್ದಿ?”

ಆ ಮಾತಿನಿಂದ ನನಗೆ ಒಂದು ಬಗೆಯ ಸಮಾಧಾನವಾಯಿತು. ಆಗ ಎಲ್ಲರೂ ನನ್ನೊಡನೆ ಮೆತ್ತಗೆ ಮಾತಾಡುತ್ತಿದ್ದರು. ಎದುರು ನಿಂತು ಜಗಳಾಡಿದವಳು ಅವಳೊಬ್ಬಳೇ.

ಗಿರಿಜಾ ಮತ್ತೆ ಶಾಲೆಗೆ ಹೋದಳು, ಮತ್ತೆ ಎವಜಿಯಾಗಿ. ಸಾಹೇಬರು ಬರುವ ದಿನ ನಾನು ಮಾವನ ಮನೆಯಿಂದ ಬಂಡಿಯಲ್ಲಿ ಶಾಲೆಗೆ ಹೋದೆ. ತಗಡಿನ ಚಪ್ಪರದ ಕೆಳಗೆ ಒಂದು ಬೆಂಚಿನ ಮೇಲೆ ಕೂತು ಕಾದೆ. ದವಾಖಾನೆಗಳಲ್ಲಿ ಕಾದು ಕಾದು ನನಗೆ ಬೆಂಚುಗಳ ಪರಿಚಯ ಚೆನ್ನಾಗಿತ್ತು, ಆದರೆ ಅಲ್ಲಿ ಕಾದದ್ದು ಡಾಕ್ಟರು ಏನು ಹೇಳುತ್ತಾರೋ ಎಂದು. ಇಲ್ಲಿ ನಾನೇ ಏನಾದರೂ ಮಾಡಿ ತೋರಿಸಬೇಕಿತ್ತು. ಹುಡುಗಿಯರು ಕಿಟಕಿಯಿಂದ ನನ್ನ ಕೋಲುಗಳನ್ನು ನೋಡಿ ಒಳಗೆ ಸರಿಯುತ್ತಿದ್ದರು.

ಸಾಹೇಬರು ವಯಸ್ಸಾದವರು, ದಣಿದಿದ್ದರು. “ನಿಂತು ಪಾಠ ಹೇಳಾಕ ಆಗ್ತದೇನಮ್ಮ?” ಎಂದು ಕೇಳಿದರು.

“ಆಗ್ತದ್ರಿ.”

ತರಗತಿಯೊಳಗೆ ಹೋದೆ. ಬೋರ್ಡಿನ ಪಕ್ಕದಲ್ಲಿ ನಿಂತೆ. ಗಿರಿಜಾ ಕಿಟಕಿಯ ಹತ್ತಿರ ಹಿಂದೆ ನಿಂತಿದ್ದಳು. ನಮ್ಮ ಸೀಮೆ ಕೃಷ್ಣಾ ಮತ್ತು ತುಂಗಭದ್ರೆಯ ನಡುವೆ ಹೇಗೆ ಕೂತಿದೆ ಎಂಬ ಪಾಠ. ನನ್ನ ದನಿ ಎಲ್ಲೂ ನಡುಗಲಿಲ್ಲ. ಎರಡು ವರ್ಷ ಆ ಪಾಠ ನನ್ನೊಳಗೇ ಓಡಾಡಿಕೊಂಡಿತ್ತು. ಹುಡುಗಿಯರು ಕೋಲು ನೋಡುವುದನ್ನು ಬಿಟ್ಟು ನನ್ನನ್ನು ನೋಡತೊಡಗಿದರು.

“ಬೋರ್ಡ ಮ್ಯಾಲ ಬರದು ತೋರಿಸ್ರಿ,” ಎಂದರು ಸಾಹೇಬರು.

ಆಗ ತಿಳಿಯಿತು. ಒಂದು ಕೋಲಿಗೆ ಒಂದು ಕೈ, ಇನ್ನೊಂದು ಕೋಲಿಗೆ ಇನ್ನೊಂದು ಕೈ. ಸುಣ್ಣದ ಕಡ್ಡಿ ಹಿಡಿಯಲು ನನಗೆ ಕೈಯೇ ಇರಲಿಲ್ಲ. ಇಷ್ಟು ತಿಂಗಳು ನಾನು ನಿಲ್ಲುವುದನ್ನು ಮಾತ್ರ ಕಲಿತಿದ್ದೆ. ಗಿರಿಜಾ ನಿಲ್ಲುತ್ತಾಳೆ, ಹಾಗಾಗಿ ನಾನೂ ನಿಲ್ಲಬೇಕು. ನಿಂತು ಏನು ಮಾಡಬೇಕೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಗಿರಿಜಾ ಒಂದು ಹೆಜ್ಜೆ ಮುಂದೆ ಬಂದಳು. ಸಾಹೇಬರ ಕಡೆ ನೋಡಿ ನಿಂತಳು. ಅವಳು ಬಂದು ನನ್ನ ಬದಲಿಗೆ ಬರೆದಿದ್ದರೆ ಅವತ್ತೇ ನನ್ನ ಕತೆ ಮುಗಿಯುತ್ತಿತ್ತು. ಅವಳಿಗೂ ಅದು ಗೊತ್ತಿತ್ತು. ಆ ಹೆಜ್ಜೆಯನ್ನು ಹಿಂದೆ ತೆಗೆದುಕೊಂಡಳು.

ನಾನು ಕುರ್ಚಿಗೆ ಬೆನ್ನು ಮಾಡಿ ಕೂತೆ, ಬಗ್ಗಿ ಎರಡೂ ಮೊಣಕಾಲಿನ ಕೊಂಡಿ ತೆಗೆದೆ. ಕೋಲುಗಳನ್ನು ನೆಲಕ್ಕಿಟ್ಟೆ. “ಬೋರ್ಡ ಕೆಳಗ ಇಳಸ್ರೆವ್ವಾ,” ಎಂದು ಮುಂದಿನ ಸಾಲಿನವರಿಗೆ ಹೇಳಿದೆ. ನಾಲ್ಕು ಹುಡುಗಿಯರು ಅದನ್ನು ಮೊಳೆಯಿಂದ ಬಿಡಿಸಿ ತಂದು ಮೇಜಿಗೆ ಒರಗಿಸಿದರು. ನಾನು ಪಕ್ಕದಲ್ಲಿ ಕೂತೇ ಎರಡು ನದಿ ಎಳೆದೆ, ನಡುವೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಇಟ್ಟೆ. ಮುಂದಿನ ಸಾಲಿನವರು ತಾವಾಗಿಯೇ ಬೆಂಚು ಬಿಟ್ಟು ನೆಲಕ್ಕೆ ಕೂತರು.

“ಕುಂತು ಕಲಸಿದ್ರ ಹಿಂದಿನವರಿಗೆ ಕಾಣ್ತದೇನು?” ಎಂದು ಸಾಹೇಬರು ಹಿಂದಿನ ಸಾಲನ್ನು ಕೇಳಿದರು.

ಹಿಂದೆ ಕೂತ ದಪ್ಪ ಜಡೆಯ ಹುಡುಗಿ ಎದ್ದು ನಿಂತಳು. “ಈಗ ಕಾಣ್ತೈತ್ರಿ. ಸಣ್ಣ ಅಕ್ಕೋರು ನಿಂತು ಬರದ್ರ ಅವರ ಬೆನ್ನ ಕಾಣ್ತಿತ್ರಿ.”

ತರಗತಿ ನಕ್ಕಿತು. ಸಾಹೇಬರೂ ಮೀಸೆಯಲ್ಲಿ ನಕ್ಕು, ಬೋರ್ಡನ್ನು ಇನ್ನೊಮ್ಮೆ ನೋಡಿದರು. ದೊಡ್ಡ ಅಕ್ಕೋರ ಕೋಣೆಯಲ್ಲಿ ನನ್ನೆದುರೇ ಹುಕುಮು ಬರೆದರು. ಮುಂದಿನ ತಿಂಗಳಿನಿಂದ ಕೆಲಸ ನನ್ನದು.

ಸಂಜೆ ಮಾವನ ಮನೆಯ ಕೋಣೆಯಲ್ಲಿ ಗಿರಿಜಾ ತನ್ನ ಸೀರೆಗಳನ್ನು ಮಡಚುತ್ತಿದ್ದಳು. ನಾನು ಮಂಚದ ಮೇಲೆ ಕೂತು ಪಟ್ಟಿಗಳನ್ನು ಬಿಚ್ಚುತ್ತಿದ್ದೆ.

“ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ,” ಎಂದಳು, ನನ್ನ ಕಡೆ ನೋಡದೆ. “ನೀ ಕುಂತ ಮ್ಯಾಲ ಒಬ್ಬ ಹುಡುಗಿನೂ ನನ್ನ ಕಡೆ ಹೊಳ್ಳಿ ನೋಡ್ಲಿಲ್ಲ. ಎರಡ ವರ್ಷ ಕಲಸೀನಿ. ಹಂಗ ನೆಲಕ್ಕ ಕುಂತು ನನ್ನ ಪಾಠ ಯಾರೂ ಕೇಳಿಲ್ಲ. ನನ್ನ ಹೊಟ್ಯಾಗ ಬೆಂಕಿ ಬಿದ್ದಂಗ ಆತು ನೋಡಕ್ಕಾ.”

ನನ್ನನ್ನು ನೋಡಿ ಅಯ್ಯೋ ಎಂದವರಿದ್ದರು, ಕಣ್ಣೀರು ಹಾಕಿದವರಿದ್ದರು, ದೇವರಿಗೆ ಹರಕೆ ಹೊತ್ತವರಿದ್ದರು. ಬಿದ್ದ ದಿನದಿಂದ ಆವತ್ತಿನವರೆಗೆ ಹೊಟ್ಟೆಕಿಚ್ಚು ಪಟ್ಟವರು ಒಬ್ಬರೂ ಇರಲಿಲ್ಲ. ನಾನು ಅವಳಿಗೆ ಸಮಾಧಾನ ಹೇಳಬೇಕಿತ್ತು. ಹೇಳಲಿಲ್ಲ.

“ಏನಂದಿ?” ಎಂದು ಕೇಳಿದೆ. ಮೊದಲ ಸಲವೇ ನನಗೆ ಸರಿಯಾಗಿ ಕೇಳಿಸಿತ್ತು.